ಕಲ್ಲುಕುದುರೆಯ ಐದನೇ ಭಾಗ

“ಹರಕು ಪುಸ್ತಕದ ಅಂಗಡಿ ಬಂತು ನೋಡ್ರೋ. ದೂರ ನಿಂತ್ಕೊಳ್ಳಿ, ಮೈಗೆ ಅಂಟುತ್ತೆ.”

ಕ್ಲಾಸ್ ಲೀಡರ್ ಹಾಗೆಂದದ್ದೇ ತಡ, ಗೇಟಿನ ಹತ್ತಿರ ಸ್ಕೂಲ್ ಬಸ್ಸಿಗೆ ಕಾಯುತ್ತಿದ್ದ ಇಡೀ ಸಾಲು ನಕ್ಕಿತು.

ಬಂದವನನ್ನು ಎಲ್ಲರೂ ಕರೆಯುವುದು ಗೋಂದು ಅಂತ. ಅವನ ಅಮ್ಮ ಲೈಬ್ರರಿಗಳ ಹರಿದ ಪುಸ್ತಕಕ್ಕೆ ಬೈಂಡ್ ಹಾಕುತ್ತಾಳೆ. ಸಂಜೆ ಅವನೂ ಜೊತೆಗೆ ಕೂತು ಗೋಂದು ಹಚ್ಚುತ್ತಾನೆ. ಎಷ್ಟು ಉಜ್ಜಿದರೂ ಉಗುರಿನ ಸಂದಿಯಲ್ಲಿ ಒಂಚೂರು ಉಳಿದೇ ಉಳಿಯುತ್ತದೆ.

ಲೀಡರ್ ಕೈಯಲ್ಲಿ ‘ಕಲ್ಲುಕುದುರೆ’ಯ ನಾಲ್ಕನೇ ಭಾಗವಿತ್ತು. ಹೊಚ್ಚ ಹೊಸದು. ಕಲ್ಲಿನ ಕುದುರೆಯೊಂದಕ್ಕೆ ಜೀವ ಬಂದು, ದಾರಿ ತಪ್ಪಿದ ಮಕ್ಕಳನ್ನು ಹೊತ್ತು ತಿರುಗುವ ಕತೆ. ಒಟ್ಟು ಏಳು ಭಾಗ. ಕ್ಲಾಸಿನಲ್ಲಿ ಎಲ್ಲರ ಬಾಯಲ್ಲೂ ಅದೇ.

“ನಾನು ಐದನೇದೂ ಓದಿದೀನಿ,” ಎಂದ ಗೋಂದು.

“ರೀಲು ಬಿಡ್ಬೇಡ ಕಣೋ. ಓದಿದ್ರೆ ಹೇಳು, ಐದರಲ್ಲಿ ಕುದುರೆಗೆ ಏನಾಗುತ್ತೆ?”

ಗೋಂದುವಿಗೆ ಮೈಯೆಲ್ಲ ಉರಿಯಿತು. ಒಂದೇ ಒಂದು ಮಾತು ಸಾಕು, ಇವನ ಸೊಕ್ಕು ಇಳಿದುಹೋಗುತ್ತೆ.

ಐದನೇ ಭಾಗ ಅಮ್ಮನ ಮೇಜಿಗೆ ಬಂದಾಗ ಒಂದು ಪುಟದ ಹತ್ತಿರ ಅದರ ಬೆನ್ನು ಮುರಿದಿತ್ತು. ಬೇರೆ ಲೈಬ್ರರಿಯಿಂದ ಬಂದ ಇನ್ನೊಂದು ಪ್ರತಿಯೂ ಸರಿಯಾಗಿ ಅದೇ ಪುಟದಲ್ಲಿ ಬಿಟ್ಟುಕೊಂಡಿತ್ತು.

“ಜನ ಎಲ್ಲಿ ತುಂಬ ಹೊತ್ತು ತೆರೆದಿಟ್ಕೊಂಡು ಕೂತಿರ್ತಾರೋ, ಅಲ್ಲೇ ಮುರಿಯೋದು ಕಂದ,” ಎಂದಿದ್ದಳು ಅಮ್ಮ.

ಆ ಪುಟದಲ್ಲಿ ಸೇತುವೆ ಕುಸಿಯುತ್ತದೆ. ಕುದುರೆ ಕೆಳಗೆ ನುಗ್ಗಿ ಬೆನ್ನು ಕೊಡುತ್ತದೆ. ಕೊನೆಯ ಮಗು ದಾಟುವವರೆಗೂ ಕದಲುವುದಿಲ್ಲ. ಆಮೇಲೆ ಮಕ್ಕಳು ಎಷ್ಟು ಕೂಗಿದರೂ ಓಗೊಡುವುದಿಲ್ಲ. ಮತ್ತೆ ಬರೀ ಕಲ್ಲು.

ಗೋಂದು ಆ ಪುಟದ ಮೇಲೆ ಅಂಗೈ ಇಟ್ಟು ಸುಮ್ಮನೆ ಕೂತುಬಿಟ್ಟಿದ್ದ. ಕಾಗದ ಅಲ್ಲಲ್ಲಿ ಉಬ್ಬಿತ್ತು. ಯಾರೋ ಅತ್ತಿದ್ದರು. ಕಾಗದ, ದಾರ, ರಟ್ಟು, ಗೋಂದು: ಪುಸ್ತಕದಲ್ಲಿ ಏನೇನಿರುತ್ತದೆಂದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದರೂ ಇಷ್ಟರೊಳಗೆ ಅಷ್ಟು ದೊಡ್ಡ ಕುದುರೆ ಹೇಗೆ ಹಿಡಿಯಿತು? ಕೈಯಲ್ಲಿದ್ದ ಬ್ರಶ್ಶು ಒಣಗಿ ಕಡ್ಡಿಯಾದದ್ದೂ ಅವನಿಗೆ ತಿಳಿದಿರಲಿಲ್ಲ.

“ಏನೋ, ನಾಲಿಗೇನೂ ಅಂಟ್ಕೊಂಡ್ತಾ?” ಲೀಡರ್ ಬಿಡಲಿಲ್ಲ. “ನಾನೇ ಹೇಳ್ತೀನಿ ಕೇಳು. ಐದರಲ್ಲೂ ಏನೂ ಆಗಲ್ಲ, ಏಳರಲ್ಲೂ ಏನೂ ಆಗಲ್ಲ. ನಮ್ಮ ಕುದುರೇನ ಯಾರ ಕೈಲೂ ಏನೂ ಮಾಡಕ್ಕಾಗಲ್ಲ.”

ಹೇಳುವಾಗ ಅವನ ದನಿ ಬೇರೆಯಾಗಿತ್ತು. ಪುಸ್ತಕವನ್ನು ಎದೆಗೆ ಒತ್ತಿಕೊಂಡಿದ್ದ. ಓದುತ್ತಿದ್ದ ಜಾಗ ತಪ್ಪಿಹೋಗದಿರಲೆಂದು ಒಂದು ಬೆರಳು ಪುಟಗಳ ನಡುವೆಯೇ ಇತ್ತು.

ಗೋಂದು ಆ ಬೆರಳನ್ನೇ ನೋಡಿದ. ಇವನಿನ್ನೂ ಸೇತುವೆಯ ಹತ್ತಿರ ಬಂದಿಲ್ಲ. ಇವತ್ತಲ್ಲ ನಾಳೆ, ಐದನೇ ಭಾಗ ಕೈಗೆ ಬಂದಾಗ, ತಾನಾಗಿಯೇ ಬರುತ್ತಾನೆ.

ತುಟಿಯವರೆಗೆ ಬಂದಿದ್ದ ಮಾತನ್ನು ಅವನು ನುಂಗಿಕೊಂಡ.

“ಓದೇ ಇಲ್ಲ ಇವನು. ಬರೀ ಬುರುಡೆ,” ಸಾಲಿನಲ್ಲಿ ಯಾರೋ ಅಂದರು. ಮತ್ತೆ ನಗು.

ಗೋಂದು ಬ್ಯಾಗನ್ನು ಹೆಗಲಿಗೇರಿಸಿಕೊಂಡು ಮನೆಯ ಕಡೆ ನಡೆದ.