ಸನ್ನೆ ಸಿಗದ ಕಣ

“ಒಂದು ಕಣ್ಣು ಮುಚ್ಚಬ್ಯಾಡ್ರಿ. ಎರಡೂ ತೆರದು ನೋಡ್ರಿ, ಕಾಣತೈತಿ.”

ಕಿವಿಯ ಪಕ್ಕದಲ್ಲೇ ಬಂದ ದನಿಗೆ, ಮೈಕ್ರೋಸ್ಕೋಪಿಗೆ ಬಾಗಿದ್ದ ಅಮರಮ್ಮ ಬೆಚ್ಚಿದಳು. ಮೊದಲು ನೋಡಿದ್ದು ಬಾಗಿಲ ಕಡೆ. ಅಣ್ಣ ವಿರೂಪಾಕ್ಷಪ್ಪ ಎಂದಿನಂತೆ ಸೈಕಲ್ಲಿಗೆ ಒರಗಿ ಕಾಯುತ್ತಿದ್ದ.

೧೯೯೦ರ ಸಿಂಧನೂರು. ಲ್ಯಾಬ್ ಟೆಕ್ನೀಷಿಯನ್ ಸಂಜೆ ತರಗತಿ. ಅಣ್ಣನ ಸೈಕಲ್ ಹಿಂದೆ ಕೂತು ಬರುವುದು, ಹಾಗೇ ಹೋಗುವುದು... ಅವಳ ಲೋಕ ಅಷ್ಟೇ.

ಮಾತಾಡಿಸಿದವನು ಜೊತೆಗೆ ಓದುವ ಗೊರೇಬಾಳದ ಹೊನ್ನೂರಪ್ಪ. ಚಾಂದ್‌ಪಾಷಾನ ಮಟನ್ ಅಂಗಡಿಯಿಂದ ಎಳೆಮರಿಯ ಎದೆಯ ಥೈಮಸ್ ಗ್ರಂಥಿ ತಂದು, ತೆಳ್ಳಗೆ ಕೊಯ್ದು ಬಣ್ಣ ಹಚ್ಚಿದ್ದ. ರೋಗದ ಜೊತೆ ಕಾದಾಡುವ ಕಣಗಳು ಅಲ್ಲೇ ಬೆಳೆಯುವುದಂತೆ.

“ಒಳಗ ಬರುವಾಗ ತಾವೇನಾಗಬೇಕಂತ ಅವಕ್ಕೇ ಗೊತ್ತಿರಂಗಿಲ್ಲ. ಸುತ್ತಲಿನ ಗ್ರಂಥಿನೇ ಮುಟ್ಟಿ ಮುಟ್ಟಿ ಸನ್ನಿ ಕೊಡತೈತಿ. ನಮ್ಮ ಮೈಮ್ಯಾಲೇ ತಿರುಗಿ ಬೀಳುವಂಥವನ್ನ ಅಲ್ಲೇ ಸಾಯಸ್ತೈತಿ. ಹದವಾಗಿ ಸನ್ನಿ ಸಿಕ್ಕವು ಬೆಳದು ಹೊರಗ ಹೋಗ್ತಾವು.”

“ಸನ್ನಿನೇ ಸಿಗದಿದ್ದವು?”

“ಅವೂ ಒಳಗೇ ಸಾಯ್ತಾವ್ರಿ. ಹೆಚ್ಚಿನವು ಹಂಗೇ.”

ಆ ಮಾತು ಅವಳ ಎದೆಯಲ್ಲಿ ಕೂತುಬಿಟ್ಟಿತು. ದಿನವೂ ಅವನ ಪಕ್ಕದ ಸ್ಟೂಲಿನಲ್ಲಿ ಕೂತು ಕಾದಳು. ಅವನು ಸ್ಲೈಡಿನ ಮಾತು ಬಿಟ್ಟು ಬೇರೆ ಆಡಲಿಲ್ಲ.

ಅಷ್ಟರಲ್ಲಿ ಬಳಗಾನೂರಿನ ಸಂಬಂಧ ಬಂತು. ಐತವಾರ ಸಕ್ಕರೆ ತಿನ್ನಲು ಬರುತ್ತಾರೆ ಎಂದು ಅವಳೇ ಅವನಿಗೆ ಹೇಳಿದಳು. ಹುಡುಗಿ ಬಾಯಿಗೆ ಸಕ್ಕರೆ ಹಾಕಿಕೊಂಡರೆ ಮುಗಿಯಿತು, ಮಾತು ಗಟ್ಟಿ. ‘ಬೇಡ ಅನ್ನಲಿ... ಒಮ್ಮೆ ಅನ್ನಲಿ...’

ಅವನು ಲೆನ್ಸು ಒರೆಸುತ್ತಲೇ ಇದ್ದ.

“ಛಲೋ ಆತು ಬಿಡ್ರಿ.”

ಮರುದಿನ ಅವನ ಸ್ಟೂಲು ಖಾಲಿ. ಲಿಂಗಸುಗೂರಿನ ಲ್ಯಾಬೊಂದರಲ್ಲಿ ನೌಕರಿ ಹಿಡಿದನಂತೆ.

ಐತವಾರ ಅತ್ತಿಗೆ ಯಂಕಮ್ಮ ಅವಳ ಅಂಗೈಗೆ ಸಕ್ಕರೆ ಸುರಿದಳು. “ಬಾಯಾಗ ಹಾಕ್ಕೋಬೇ, ಎಲ್ಲಾರೂ ನೋಡಾಕತ್ತಾರ.”

ಅಮರಮ್ಮನ ಮುಷ್ಟಿ ಮುಚ್ಚಿತು. ಗೋಡೆಗಳು ಹತ್ತಿರ ಸರಿದಂತಾಯಿತು.

“ನಾ ಒಲ್ಲೆ.”

ಅಣ್ಣ ಕೈ ಎತ್ತಿದ. ಬಂದವರ ಮುಖ ನೋಡಿ ಇಳಿಸಿದ. ಆ ಒಂದು ಗಳಿಗೆಯಲ್ಲೇ ಅವಳು ಹೊಸಿಲು ದಾಟಿದಳು.

ಲಿಂಗಸುಗೂರಿನ ಬಸ್ಸು ಮಸ್ಕಿಯಲ್ಲಿ ನಿಂತಾಗ ಎದುರಿಗೆ ಸಿಂಧನೂರಿಗೆ ಮರಳುವ ಬಸ್ಸು ಹೊರಟಿತ್ತು. ಹೊನ್ನೂರಪ್ಪ ತನ್ನನ್ನು ಬೇಡವೆಂದರೆ? ಎದ್ದು ನಿಂತಳು. ಮತ್ತೆ ಕೂತಳು. ಬಿಗಿದ ಮುಷ್ಟಿ ಮಾತ್ರ ಬಿಚ್ಚಲಿಲ್ಲ.

ಲಿಂಗಸುಗೂರಿನ ಲ್ಯಾಬಿನಲ್ಲಿ ಹೊನ್ನೂರಪ್ಪ ತಲೆ ಎತ್ತಿದವನು ಹಾಗೇ ನಿಂತ.

“ನೀವು... ಇವತ್ತು ಸಕ್ಕರಿ...”

ಅವಳು ಅಂಗೈ ತೆರೆದಳು. ಸಕ್ಕರೆ ಬೆವರಿಗೆ ಅರ್ಧ ಕರಗಿ ಅಂಟಿಕೊಂಡಿತ್ತು.

“ಛಲೋ ಆತು ಅಂದ್ರಿ. ಒಂದು ಸನ್ನಿ ಕೊಟ್ಟಿದ್ರ ಸಾಕಿತ್ತು.”

“ನೀವೇ ಹೇಳಿದ್ರಲ್ರಿ, ಒಪ್ಪೀರಿ ಅನ್ಕೊಂಡೆ.”

“ನೀವು ಬ್ಯಾಡ ಅನ್ನಲಿ ಅಂತ ಹೇಳಿದ್ದೆ.”

ಅವನು ಒಂದು ಹೆಜ್ಜೆ ಮುಂದೆ ಬಂದು ಅವಳ ಮುಂಗೈ ಹಿಡಿದ. ಮೊದಲ ಸಲ.

“ಹೋಗಬ್ಯಾಡ, ಅಮರಾ.”

“ಅಣ್ಣ ಹುಡುಕ್ಕೊಂತ ಬರ್ತಾನ.”

“ಬರಲಿ. ಬಾಗಿಲದಾಗ ನಾ ನಿಂತಿರ್ತೀನಿ.”

ಅವಳು ಅಂಗೈಯನ್ನು ಅವನ ತುಟಿಗೆ ಒಡ್ಡಿದಳು.

“ಹಂಗಾರ ಮೊದಲು ನೀ ತಿನ್ನು.”