ಎಡಗಡೆಯ ಸ್ಪೀಕರ್

“ಪ್ಲಗ್ ಹಾಕಬ್ಯಾಡ್ರಿ!”

ಸುಧಾರಾಣಿ ಕೂಗಿದ ರಭಸಕ್ಕೆ ಆ ತರುಣನ ಕೈ ಸ್ವಿಚ್ ಬೋರ್ಡಿನ ಹತ್ತಿರವೇ ನಿಂತುಬಿಟ್ಟಿತು.

“ಯಾಕ್ರಿ? ಹಾಡತೈತೋ ಇಲ್ಲೋ ನೋಡಬೇಕಲ್ಲ?”

“ಇದನ್ನ ಹಚ್ಚದ ಎಷ್ಟ್ ವರ್ಷ ಆತು?”

“ನಮ್ಮಜ್ಜ ಹೋದ ಮ್ಯಾಲೆ ಯಾರೂ ಮುಟ್ಟಿಲ್ರಿ.”

“ಹಂಗಾದ್ರ ಒಮ್ಮೆಲೇ ಕರೆಂಟ್ ಕೊಟ್ರ ಸುಟ್ಟ ಹೋಗತೈತಿ. ಸರೀರಿ ಅತ್ಲಾಗ.”

ಆ ಹಳೆಯ ಸ್ಟೀರಿಯೊ ಆಂಪ್ಲಿಫೈಯರಿಗೆ ಅವಳು ಒಂದು ಬಲ್ಬಿನ ಮೂಲಕ ಕರೆಂಟ್ ಹಾಯಿಸಿದಳು. ಒಳಗೆ ಶಾರ್ಟ್ ಇದ್ದರೆ ಬಲ್ಬು ಜೋರಾಗಿ ಉರಿಯುತ್ತಲೇ ಇರುತ್ತದೆ. ಇಲ್ಲದಿದ್ದರೆ ಒಮ್ಮೆ ಮಿನುಗಿ ಮಂದವಾಗುತ್ತದೆ.

ಬಲ್ಬು ಮಿನುಗಿತು... ಮಂದವಾಯಿತು.

“ಜೀವ ಐತಿ!” ಅವಳು ನಕ್ಕಳು.

ಅವನು ಬಲ್ಬನ್ನು ನೋಡಿರಲೇ ಇಲ್ಲ. ಅವಳನ್ನೇ ನೋಡುತ್ತಿದ್ದ.

ಅವನ ಹೆಸರು ರುದ್ರೇಶ. ಸವಣೂರಿನಲ್ಲಿ ವೀಳ್ಯದೆಲೆಯ ತೋಟ. ಅಜ್ಜಿ ಅಡಿವೆವ್ವನಿಗೆ ಗಂಡನ ರೆಕಾರ್ಡುಗಳನ್ನು ಮತ್ತೆ ಕೇಳುವ ಆಸೆ. ಅದಕ್ಕೆಂದೇ ಅವನು ಶಿಗ್ಗಾಂವದ ಈ ರೇಡಿಯೊ ಅಂಗಡಿ ಹುಡುಕಿ ಬಂದಿದ್ದ.

ಅಂಗಡಿ ಅವಳ ತಂದೆ ನೀಲಪ್ಪನದು. ಕೈ ನಡುಗಲು ಶುರುವಾದ ಮೇಲೆ ಅವನು ಕೆಲಸ ಬಿಟ್ಟಿದ್ದ. ಮಗಳಿಗೆ ಒಂದೇ ಮಾತು ಹೇಳಿದ್ದ: “ನೀ ಮಾಡಿದ ರಿಪೇರಿ ಗಟ್ಟಿ ನಿಂತ್ರ ಅಂಗಡಿ ನಿಂದು. ತಿರುಗಿ ಬರಾಕತ್ರ ದೀಪಾವಳಿಗೆ ಮುಚ್ಚಿಬಿಡೂಣು.”

ಅವಳು ಒಣಗಿದ ಕೆಪಾಸಿಟರುಗಳನ್ನು ಬದಲಿಸಿದಳು, ವಾಲ್ಯೂಮಿನ ಕರಕರ ತೆಗೆದಳು. ಮುಚ್ಚಳ ತೆರೆದಿಟ್ಟು ದಿನವಿಡೀ ಹಾಡಿಸಿ ನೋಡಿದಳು. ಎರಡೂ ಸ್ಪೀಕರ್ ಸರಿಯಾಗಿದ್ದವು.

ಎರಡೇ ದಿನಕ್ಕೆ ರುದ್ರೇಶ ತಿರುಗಿ ಬಂದ.

“ಚೊಲೋ ಹಾಡಾಕತ್ತಿತ್ರಿ. ಸ್ವಲ್ಪ ಹೊತ್ತಾದ ಮ್ಯಾಲೆ ಎಡಗಡೆ ಸ್ಪೀಕರ್ ಬಂದ್ ಆತು.”

ಅವಳು ಮುಚ್ಚಳ ಬಿಚ್ಚಿ, ಫ್ಯಾನಿನ ಕೆಳಗಿಟ್ಟು ಹಚ್ಚಿದಳು. ಎರಡೂ ಹಾಡಿದವು!

ಮರುವಾರವೂ ಅದೇ ದೂರು. ಅಂಗಡಿಯಲ್ಲಿ ಮಾತ್ರ ಅದು ಮತ್ತೆ ಸರಿಯಾಗೇ ಹಾಡಿತು.

ಪಕ್ಕದ ಟೇಲರ್ ಶಾಕೀರಾ ಹೊಲಿಗೆ ನಿಲ್ಲಿಸಿ ಕಣ್ಣು ಮಿಟುಕಿಸಿದಳು. “ರಾಣಿ, ಮಷೀನ್ ಕೆಟ್ಟಿಲ್ಲವಾ. ಹುಡುಗ ಕೆಟ್ಟಾನ!”

ಸುಧಾರಾಣಿ ನಕ್ಕಳು. ಆದರೆ ಆ ಮಾತು ಚುಚ್ಚಿತು.

‘ಇಲ್ಲಿ ಬರಲು ಅವನೇ ವೈರ್ ಕೀಳುತ್ತಿದ್ದರೆ ಅವನು ಸುಳ್ಳುಗಾರ. ಅವನು ಹೇಳುವುದು ನಿಜವಾದರೆ ನನ್ನ ಕೈಯೇ ಸುಳ್ಳು...’

ಬೇರೆಯವರ ರೇಡಿಯೊ ಮುಟ್ಟಲೂ ಭಯವಾಗತೊಡಗಿತು.

ಮೂರನೇ ಸಲ ಅವನು ಬಾಗಿಲಿಗೆ ಬಂದಾಗ ಅವಳು ತಡೆದುಕೊಳ್ಳಲಿಲ್ಲ.

“ಖರೇ ಹೇಳ್ರಿ. ವೈರ್ ನೀವ ಕೀಳಾಕತ್ತೀರಿ, ಹೌದಿಲ್ಲೋ?”

“ನಾನ್ಯಾಕ್ರಿ...?”

“ಬರಾಕ ನೆಪ ಬೇಕಲ್ಲ! ನಿಮಗ ಇದು ಹುಡುಗಾಟ. ನನಗ ಇದು ಬದುಕು!”

ಅವನ ಮುಖ ಬಾಡಿತು. ಆಂಪ್ಲಿಫೈಯರನ್ನು ಮತ್ತೆ ಎದೆಗವಚಿಕೊಂಡ.

“ನಾ ಸುಳ್ಳ ಹೇಳೂ ಮನಿಷ್ಯಾ ಅಲ್ರಿ. ಬೇಕಾದ್ರ ನಮ್ಮನಿಗೆ ಬಂದು ನಿಮ್ಮ ಕಣ್ಣಿಲೆ ನೋಡ್ರಿ.”

ಅವನು ತಿರುಗಿ ನೋಡದೆ ಹೋದ.

ಒಳಗಿನಿಂದ ನೀಲಪ್ಪ ಕೇಳಿದ, “ಅಂವಾ ಹೇಳಿದ್ದು ಖರೇ ಇದ್ರ?”

ಅವಳು ಬೆಸುಗೆಯ ಸಾಮಾನನ್ನು ಚೀಲಕ್ಕೆ ತುಂಬತೊಡಗಿದಳು.

ಮರುದಿನ ಸಾಮಾನಿನ ಚೀಲ ಹಿಡಿದು ಸವಣೂರು ಬಸ್ ಹತ್ತಿದಳು. ದಾರಿಯುದ್ದಕ್ಕೂ ಒಂದೇ ಲೆಕ್ಕ. ಅವನು ಸುಳ್ಳುಗಾರನಾದರೆ ತನ್ನ ಪಾಲಿಗೆ ಅವನಿಲ್ಲ. ಅಲ್ಲವಾದರೆ ಅಂಗಡಿಯಿಲ್ಲ. ‘ದೇವರೇ, ಯಾವುದನ್ನು ಬೇಡಿಕೊಳ್ಳಲಿ?’

“ಬಾರವಾ, ನೀನ ಏನು ರೇಡಿಯೊ ಡಾಕ್ಟರ್?” ಬಾಗಿಲಲ್ಲೇ ಅಡಿವೆವ್ವ ನಗುತ್ತ ಕರೆದಳು. ರುದ್ರೇಶ ಕುರ್ಚಿ ಸರಿಸಿ ಕೊಟ್ಟ.

ಆ ಮನೆಯಲ್ಲಿ ಟಿವಿಗೆ ಬಟ್ಟೆ, ಮಿಕ್ಸರಿಗೆ ಬಟ್ಟೆ, ಫ್ರಿಜ್ಜಿಗೂ ಬಟ್ಟೆ. ಮೂಲೆಯಲ್ಲಿ ಹಾಡುತ್ತಿದ್ದ ಆಂಪ್ಲಿಫೈಯರಿಗೂ ಎರಡು ಮಡಿಕೆಯ ದಪ್ಪ ಕಸೂತಿ ಹೊದಿಕೆ!

ಅವಳು ನೋಡುತ್ತಿದ್ದಂತೆಯೇ ಎಡಗಡೆಯ ಸ್ಪೀಕರ್ ಸುಮ್ಮನಾಯಿತು.

“ಅಜ್ಜಿ, ಈ ಹೊದಿಕಿ...?”

“ಧೂಳಾ ಬೀಳಬಾರ್ದಂತ ಹೊಚ್ಚೇನವಾ. ನಮ್ಮ ಯಜಮಾನ್ರು ಇದ್ದಾಗ ಹೊಚ್ಚಾಕ ಬಿಡ್ತಿದ್ದಿಲ್ಲ, ಬೈತಿದ್ರು.”

“ನೀವ್ಯಾಕ್ರಿ ಹೇಳಲಿಲ್ಲ?” ಅವಳು ರುದ್ರೇಶನನ್ನು ಕೇಳಿದಳು.

“ಅದೇನ್ ಹೇಳೂ ಮಾತೇನ್ರಿ? ನಮ್ಮನಿಯಾಗ ಎಲ್ಲಾದಕ್ಕೂ ಬಟ್ಟಿ ಇರ್ತೈತಿ. ಬರೂ ಮುಂದ ತಗದಿಟ್ಟ ಬರ್ತಿದ್ದೆ.”

ಅವಳು ಹೊದಿಕೆ ಎತ್ತಿದಳು. ಒಳಗಿನ ಕಾವು ಅಂಗೈಗೆ ಬಡಿಯಿತು. ಮುಚ್ಚಳ ಬಿಚ್ಚಿ ಮರದ ಕಡ್ಡಿಯಿಂದ ಬೆಸುಗೆಗಳನ್ನು ಒಂದೊಂದಾಗಿ ತಟ್ಟಿದಳು. ಒಂದು ಕಡೆ ತಟ್ಟಿದ್ದೇ ಸ್ಪೀಕರ್ ಕರಕರ ಎಂದು ಎಚ್ಚರವಾಯಿತು!

ಬೆಸುಗೆಯ ಸುತ್ತ ಕೂದಲೆಳೆಯಂಥ ಬಿರುಕು. ಬಿಸಿಯಾದರೆ ಬಿಡುತ್ತದೆ, ತಣ್ಣಗಾದರೆ ಕೂಡುತ್ತದೆ. ಅಂಗಡಿಯಲ್ಲಿ ಅವಳು ಅದನ್ನು ಪ್ರತಿಸಲವೂ ಮುಚ್ಚಳ ತೆರೆದು, ಫ್ಯಾನಿನ ಗಾಳಿಯಲ್ಲೇ ಪರೀಕ್ಷಿಸಿದ್ದಳು. ಒಮ್ಮೆಯೂ ಮುಚ್ಚಿ ನೋಡಿರಲಿಲ್ಲ.

ಕರೆಂಟ್ ತೆಗೆದು ಹೊಸದಾಗಿ ಬೆಸುಗೆ ಹಾಕಿದಳು. ಮುಚ್ಚಳ ಬಿಗಿದಳು. ಆಮೇಲೆ ಆ ದಪ್ಪ ಹೊದಿಕೆಯನ್ನು ತಾನೇ ಹೊದಿಸಿ ಹಾಡು ಹಚ್ಚಿದಳು.

ಅಡಿವೆವ್ವ ಚಹಾ, ಕುರುಕಲು ಸವಣೂರು ಖಾರ ತಂದಿಟ್ಟಳು. ಯಾರೂ ಮುಟ್ಟಲಿಲ್ಲ. ಒಂದು ರೆಕಾರ್ಡು ಮುಗಿಯಿತು. ಇನ್ನೊಂದು... ಮತ್ತೊಂದು... ಪ್ರತಿ ಹಾಡಿಗೂ ಸುಧಾರಾಣಿ ಎಡಗಡೆಯ ಸ್ಪೀಕರಿಗೆ ಕಿವಿಗೊಟ್ಟು ಕೇಳುತ್ತಿದ್ದಳು.

ಎರಡೂ ಸ್ಪೀಕರ್ ಹಾಡುತ್ತಲೇ ಇದ್ದವು.

“ಇನ್ನ ಕೆಡೂದಿಲ್ಲ. ಹೊದಿಕಿ ಮಾತ್ರ ಬ್ಯಾಡ್ರಿ, ಅಜ್ಜಿ,” ಎಂದು ಅದನ್ನು ತೆಗೆದು ಮಡಚಿದಳು. ಅಡಿವೆವ್ವ ಲೋಟ ಎತ್ತಿಕೊಂಡು ಒಳಗೆ ಹೋದಳು.

“ತಪ್ಪು ನಂದ್ರಿ. ನಿಮ್ಮ ಮ್ಯಾಲೆ ಹಾಕಿದೆ,” ಸುಧಾರಾಣಿಯ ಕಣ್ಣು ತುಂಬಿತ್ತು.

“ನಂದೂ ಒಂದ್ ತಪ್ಪೈತ್ರಿ.”

ಅವಳು ಬೆಚ್ಚಿ ನೋಡಿದಳು.

“ವೈರ್ ನಾ ಕಿತ್ತಿಲ್ಲ. ಆದ್ರ ಅದು ಬಂದ್ ಆದಾಗೆಲ್ಲ... ನನಗ ಖುಷಿ ಆಗ್ತಿತ್ತು.”

ಸುಧಾರಾಣಿ ಹೊದಿಕೆಯ ಅಂಚನ್ನು ಬೆರಳಿಗೆ ಸುತ್ತಿಕೊಂಡಳು.

“ಈಗ ಕೆಡೂದಿಲ್ಲಂತೀರಿ. ನಾ ಏನ್ ನೆಪ ಹೇಳಿ ಬರ್ಲಿ?”

“ಬರಿಗೈಲೆ ಬರ್ರಿ.”

“ನಿಮ್ಮಪ್ಪ ಕೇಳಿದ್ರ?”

“ಖರೇ ಹೇಳ್ರಿ. ಅಂಗಡಿಗೆ ಬಂದಿಲ್ಲ, ಅಂಗಡಿಯಾಕಿನ್ನ ನೋಡಾಕ ಬಂದೇನಿ ಅಂತ.”

ಅವನು ಅಜ್ಜಿ ಹೋದ ಕಡೆ ನೋಡಿದ. “ಹಂಗಾದ್ರ... ಒಬ್ಬಾವನ ಬರ್ಲೋ, ಅಜ್ಜಿನ್ನೂ ಕರ್ಕೊಂಡ ಬರ್ಲೋ?”

ಹಿರಿಯರನ್ನು ಕರೆತರುವುದೆಂದರೆ ಏನೆಂದು ಇಬ್ಬರಿಗೂ ಗೊತ್ತಿತ್ತು.

“ಕರ್ಕೊಂಡ ಬರ್ರಿ,” ಅವಳು ಮೆಲ್ಲಗೆ ಅಂದಳು. “ಹೊದಿಕಿ ಮಾತ್ರ ಮನಿಯಾಗ ಬಿಟ್ಟ ಬರ್ರಿ...”