ಭಾರ ಯಾವ ಕಾಲ ಮೇಲೆ

"ಮಾತಾಡುವಾಗ ಮುಖ ನೋಡ್ಬೇಕು ಅಂತ ನಿಮಗೆ ಯಾರೂ ಹೇಳ್ಕೊಟ್ಟಿಲ್ವಾ ಮೇಷ್ಟ್ರೇ?"

ದೊಡ್ಡಆಲಹಳ್ಳಿಯ ಹೈಸ್ಕೂಲಿಗೆ ಗಣಿತದ ಟೀಚರಾಗಿ ಬಂದ ಮೊದಲ ದಿನವೇ ಸುಮನಾ ಎಲ್ಲರೆದುರು ಕೇಳಿಬಿಟ್ಟಳು. ಪಿ.ಟಿ. ಮೇಷ್ಟ್ರು ಅನಂತರಾಜುವಿನ ಕಿವಿ ಕೆಂಪಾಯಿತು. ದಸರಾ ಕುಸ್ತಿಯಲ್ಲಿ ಬೆಳ್ಳಿ ಗದೆ ಹೊತ್ತು ಬಂದವನು, ತನ್ನ ಹೆಗಲಿಗೂ ಬರದ ಹೆಣ್ಣಿನ ಮುಂದೆ ತಬ್ಬಿಬ್ಬಾಗಿ, ಅವಳ ಚಪ್ಪಲಿಯನ್ನೇ ನೋಡುತ್ತ ನಿಂತ.

ತಪ್ಪು ಅವನದಲ್ಲ. ಕನಕಪುರದ ಗರಡಿಯಲ್ಲಿ ಉಸ್ತಾದ್ ಇಮಾಮ್ ಸಾಬ್ ಅದನ್ನೇ ತಲೆಗೆ ತುಂಬಿದ್ದರು. "ಮುಖ ನೋಡಬ್ಯಾಡ್ಲಾ. ಮುಖದಾಗೆ ಯಾಮಾರಿಸ್ತಾರೆ. ಭಾರ ಯಾವ ಕಾಲ್ ಮ್ಯಾಲೈತೆ ನೋಡು, ಅವ್ನು ಎತ್ಲಾಗೆ ಹೋಯ್ತಾನೆ ಗೊತ್ತಾಯ್ತದೆ."

ಗದೆ ಗೆದ್ದ ಮರುವರ್ಷವೇ ಬಲಮಂಡಿ ಮುರಿಯಿತು. ಕ್ರೀಡಾ ಕೋಟಾದಲ್ಲಿ ಮೇಷ್ಟ್ರ ಕೆಲಸ ಸಿಕ್ಕಿತು. ಅಂದಿನಿಂದ ಅವನು ಬಲಗಾಲನ್ನು ನಂಬಿದ್ದಿಲ್ಲ. ನಿಂತರೆ ಎಡಗಾಲ ಮೇಲೇ. ಪರರ ಕಾಲು ನೋಡುವ ಚಟ ಮಾತ್ರ ಬಿಡಲಿಲ್ಲ.

ಹಾಗಾಗಿ ಮುಖ ನೋಡದೆಯೇ ಸುಮನಾ ಅವನಿಗೆ ಅರ್ಥವಾದಳು. ಸಿಟ್ಟು ಬಂದರೆ ಹಿಮ್ಮಡಿ ಕುಕ್ಕುತ್ತಾಳೆ. ನಗು ತಡೆದುಕೊಂಡರೆ ಹೆಬ್ಬೆರಳು ಮಡಚುತ್ತಾಳೆ. ಬರಬರುತ್ತ ಅವನೆದುರು ನಿಂತಾಗಲೆಲ್ಲ ಆ ಹೆಬ್ಬೆರಳು ಮಡಚಿಯೇ ಇರುತ್ತಿತ್ತು.

ಶಾಲೆಯ ಹಿಂದೆ ಅವನು ಕೆಮ್ಮಣ್ಣು ಹಾಕಿ ಕುಸ್ತಿಯ ಮಟ್ಟಿ ಕಟ್ಟಿದ್ದ. ಎಸ್ಸೆಸ್ಸೆಲ್ಸಿ ಮುಗಿಯುತ್ತಲೇ ಗಟ್ಟಿ ಹುಡುಗರೆಲ್ಲ ಬಿಡದಿಯ ಹೊಸ ಫ್ಯಾಕ್ಟರಿಗಳ ಬಸ್ಸು ಹತ್ತಿದರು. ಮಟ್ಟಿ ಖಾಲಿ ಹೊಡೆಯಿತು.

"ಹೆಣ್ಮಕ್ಕಳಿಗೆ ಕಲಿಸಿ," ಎಂದಳು ಸುಮನಾ.

"ಮಟ್ಟಿಗೆ ಹೆಂಗಸ್ರು ಇಳಿಯಂಗಿಲ್ಲ ಮೇಡಂ. ಗರಡಿ ಪದ್ಧತಿ."

"ಇದು ಗರಡಿ ಅಲ್ಲ, ಸ್ಕೂಲು." ಚಪ್ಪಲಿ ಬಿಟ್ಟವಳೇ ಮೂಲೆಯಲ್ಲಿ ನಾಲ್ಕು ಹೆಜ್ಜೆ ಇಟ್ಟೇಬಿಟ್ಟಳು. "ಏನಾಯ್ತೀಗ? ಆಕಾಶ ಕಳಚ್ಕೊಂಡು ಬಿತ್ತಾ?"

ಅವನ ಮಟ್ಟಿಗೆ ಬಿದ್ದಿತ್ತು.

ಮರುದಿನದಿಂದ ಹುಡುಗಿಯರು ಅಭ್ಯಾಸಕ್ಕಿಳಿದರು. ಸಂಜೆ ಮಣ್ಣು ಸಮ ಮಾಡುವಾಗ ಮೂಲೆಯ ಆ ಹೆಜ್ಜೆಗಳನ್ನು ಮಾತ್ರ ಅನಂತರಾಜು ಮುಟ್ಟುತ್ತಿರಲಿಲ್ಲ. ಬಿಸಿಯೂಟದ ಸರಸಮ್ಮನ ಕಣ್ಣಿಗೆ ಅದು ಬೀಳದಿದ್ದೀತೇ?

"ಏನ್ ಮೇಷ್ಟ್ರೇ, ಅಲ್ಲೇನ್ ರಾಗಿ ಪೈರು ಹಾಕಿದ್ದೀರಾ? ಒಸಿ ಬಾಯ್ಬುಟ್ಟು ಹೇಳ್ಬುಡಿ ಅತ್ಲಾಗೆ."

"ಪಾತ್ರೆ ತೊಳ್ಯೋದ್ ಬಾಕಿ ಐತೆ, ಹೋಗಮ್ಮೋ!"

ಗದರಿದ, ಸರಿ. ಹೇಳುವುದು ಹೇಗೆ? ಅವಳಪ್ಪ ನಂಜುಂಡಯ್ಯ ಕನಕಪುರದಲ್ಲಿ ಪ್ರಿನ್ಸಿಪಾಲರಾಗಿದ್ದವರು. ತಾನು ಮಂಡಿ ಮುರಿದ ಪೈಲ್ವಾನ. ಎರಡು ವರ್ಷ ಹಾಗೇ ಬಾಯಿ ಕಟ್ಟಿಕೊಂಡು ಕಳೆದ.

ಒಂದು ಶನಿವಾರ ಮಧ್ಯಾಹ್ನ ಬಸ್‌ಸ್ಟಾಪಿನಲ್ಲಿ ಅವಳೇ ಬಾಯಿ ಬಿಟ್ಟಳು.

"ನಾಳೆ ನನ್ನ ನೋಡೋಕೆ ಬರ್ತಿದ್ದಾರೆ. ಬಿಡದೀಲಿ ಇಂಜಿನಿಯರಂತೆ. ಅಪ್ಪಂಗೆ ಒಪ್ಪಿಗೆ. ನಾನು ಹೂಂ ಅಂದ್ರೆ ಮುಗೀತು."

"ಒಳ್ಳೇದಾಯ್ತು ಬುಡಿ ಮೇಡಂ."

"ಅಷ್ಟೇನಾ?"

ಅವನು ಅವಳ ಕಾಲನ್ನೇ ನೋಡುತ್ತಿದ್ದ. ಹೆಬ್ಬೆರಳು ಮಡಚಿರಲಿಲ್ಲ.

ಕನಕಪುರದ ಬಸ್ಸು ಬಂತು. ಸುಮನಾ ಕಂಬಿ ಹಿಡಿದು ಒಂದು ಕಾಲನ್ನು ಮೆಟ್ಟಿಲ ಮೇಲಿಟ್ಟಳು. ಅಷ್ಟೇ. ನೆಲದ ಮೇಲಿದ್ದ ಇನ್ನೊಂದು ಕಾಲಿನ ಹಿಮ್ಮಡಿ ಏಳಲಿಲ್ಲ. ಮೈಭಾರವೆಲ್ಲ ಅದರ ಮೇಲೇ ಇತ್ತು.

"ಮೇಡಂ, ಹತ್ತಬ್ಯಾಡಿ."

"ಯಾಕೆ?"

"ನಿಮ್ ಭಾರ ಇನ್ನೂ ಇಲ್ಲೇ ಐತೆ."

ತಲೆಯೆತ್ತಿ ಅವಳ ಮುಖ ನೋಡಿದ. ಕಣ್ಣುಗಳು ತುಂಬಿದ್ದವು. ಎಡಹುಬ್ಬಿನ ಪಕ್ಕ ಒಂದು ಸಣ್ಣ ಮಚ್ಚೆ. ಇಷ್ಟು ದಿನ ಇದನ್ನು ನೋಡದೆ ಹೇಗಿದ್ದೆ ಅನ್ನಿಸಿ ಅವನಿಗೆ ತನ್ನ ಮೇಲೇ ಕೆಟ್ಟ ಕೋಪ ಬಂತು.

"ಹೂಂ ಅನ್ಬ್ಯಾಡಿ," ಅಂದ. "ನಾನು ಬತ್ತೀನಿ, ನಿಮ್ಮಪ್ಪಾರ ತಾವ ಕೇಳ್ತೀನಿ."

"ಇದನ್ನ ಹೇಳೋಕೆ ಎರಡು ವರ್ಷ ಬೇಕಾಯ್ತಾ ಪೈಲ್ವಾನರಿಗೆ?" ಕೆನ್ನೆ ಒರೆಸಿಕೊಂಡಳು. "ಅವರು ಹತ್ತು ಗಂಟೆಗೆ ಬರೋದು. ನೀವು ಒಂಬತ್ತಕ್ಕೇ ಬನ್ನಿ. ಅಪ್ಪನ ಹತ್ರ ಮಾತ್ರ ಮುಖ ನೋಡಿ ಮಾತಾಡಿ, ಕಾಲು ನೋಡ್ಬೇಡಿ."

"ಕಾಲಿಗೆ ಬೀಳೋವಾಗ್ಲೂವೆ?"

"ಆಗ ನೋಡಿ."

"ಏನಮ್ಮಾ, ಹತ್ತೀರೋ ಬುಟ್ಟೀರೋ?" ಕಂಡಕ್ಟರ್ ರೇಗಿ ಸೀಟಿ ಊದಿದ.

ಸುಮನಾ ಹತ್ತಿದಳು. ಹಿಂದಿನ ಕಿಟಕಿಯಿಂದ, ಬಸ್ಸು ತಿರುವು ದಾಟುವವರೆಗೂ ಅವಳ ಮುಖ ಕಾಣುತ್ತಲೇ ಇತ್ತು; ಅವನು ಕಣ್ಣು ಕೀಳಲಿಲ್ಲ.

ಧೂಳು ಅಡಗಿದ ಮೇಲೆ ಅನಂತರಾಜು ತನ್ನ ಕಾಲು ನೋಡಿಕೊಂಡ. ಬಲಗಾಲು ಕನಕಪುರದ ರಸ್ತೆಗೆ ಮುಂದಾಗಿತ್ತು. ಭಾರವೆಲ್ಲ ಆ ಮುರಿದ ಮಂಡಿಯ ಮೇಲೇ ಇತ್ತು.